ಹಿರಿಯರ ಸರ್ಕಾರಿ ಆಸ್ಪತ್ರೆ ವಿಮೆ: ಸೋಂಪುರ ಹೋಬಳಿ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ ಶಿವಗಂಗೆ ಬೆಟ್ಟದ ಸುತ್ತ ಬೇಸಾಯದ ಹಳ್ಳಿಗಳಿವೆ. ದಾಬಸ್‌ಪೇಟೆಯ ಬಳಿ ಕೈಗಾರಿಕಾ ಪ್ರದೇಶವಿದೆ. ಇಲ್ಲಿನ ಹಿರಿಯರಿಗೆ ಆಸ್ಪತ್ರೆ ಖರ್ಚಿನ ರಕ್ಷಣೆ ಸಿಗುವ ಮುಖ್ಯ ದಾರಿಗಳು ಎರಡು: ರೇಷನ್ ಕಾರ್ಡ್ ಆಧರಿಸಿದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮತ್ತು ಕಾರ್ಖಾನೆಯಲ್ಲಿ ದುಡಿದವರಿಗೆ ಇಎಸ್‌ಐ.

2018ರ ಮಾರ್ಚ್‌ನಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಇದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ಮಿತಿ 1.5 ಲಕ್ಷ. ಈ ಮೊತ್ತ ತಲೆಗಿಷ್ಟು ಅಂತಲ್ಲ, ಇಡೀ ಮನೆಗೆ. ಮಗನ ಅಪಘಾತಕ್ಕೆ ಹಣ ಖರ್ಚಾಗಿದ್ದರೆ ಅದೇ ವರ್ಷ ಅಜ್ಜಿಯ ಪಾಲಿಗೆ ಉಳಿದಷ್ಟೇ.

ಕಾರ್ಡ್ ಇದ್ದೂ ಜನ ತೊಂದರೆಗೆ ಸಿಕ್ಕಿಕೊಳ್ಳುವುದು ರೆಫರಲ್ ಚೀಟಿಯ ವಿಷಯದಲ್ಲಿ. ಹರ್ನಿಯಾದಂಥ ಮೊದಲೇ ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ವೈದ್ಯರು ಬರೆದುಕೊಟ್ಟ ಚೀಟಿಯೊಂದಿಗೆ ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಗೆ ಹೋಗಬಹುದು. ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ.

ದಿನವೂ ನುಂಗುವ ಬಿಪಿ, ಶುಗರ್ ಮಾತ್ರೆಯ ಖರ್ಚು ಈ ವಿಮೆಗೆ ಸೇರುವುದಿಲ್ಲ. ವಿಮೆ ಇರುವುದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ಆ ಮಾತ್ರೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋಗಬೇಕು.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ವರ್ಷ ತುಂಬಿದವರಿಗಾಗಿ ಆಯುಷ್ಮಾನ್ ವಯ ವಂದನಾ ಕಾರ್ಡ್ ಜಾರಿಗೆ ತಂದಿತು. ಇದಕ್ಕೆ ಆದಾಯದ ಮಿತಿಯಿಲ್ಲ. ಈಗಾಗಲೇ ಆಯುಷ್ಮಾನ್ ವ್ಯಾಪ್ತಿಯಲ್ಲಿರುವ ಮನೆಯ ಹಿರಿಯರಿಗೆ 5 ಲಕ್ಷದವರೆಗೆ ಪ್ರತ್ಯೇಕ ರಕ್ಷಣೆ ನೀಡುವುದು, ಕಿರಿಯರು ಅದನ್ನು ಬಳಸದಂತೆ ಕಾಯುವುದು ಇದರ ವಿಶೇಷ. ಯೋಜನೆ ರಾಜ್ಯಗಳ ಮೂಲಕವೇ ನಡೆಯುವುದರಿಂದ, ದಾಖಲಾಗುವ ಆಸ್ಪತ್ರೆ ಈ ಕಾರ್ಡನ್ನು ಒಪ್ಪುತ್ತದೆಯೇ ಎಂದು ಅಲ್ಲಿ ಯೋಜನೆಯ ಸಹಾಯಕರಾಗಿರುವ ಆರೋಗ್ಯ ಮಿತ್ರರಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಕಾರ್ಖಾನೆಯಿಂದ ನಿವೃತ್ತರಾದವರ ಹಕ್ಕು ಮಾತ್ರ ಹಲವು ಮನೆಗಳಲ್ಲಿ ಮರೆತುಹೋಗಿರುತ್ತದೆ. ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಸಂಗಾತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತುಮಕೂರು ರಸ್ತೆಯ ಕಡೆಯವರಿಗೆ ಪೀಣ್ಯ ಮತ್ತು ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಈ ಸೌಲಭ್ಯ ಪಡೆಯಲು ಹಳೆಯ ವಿಮಾ ಸಂಖ್ಯೆ ಮತ್ತು ಸೇವೆಯ ದಾಖಲೆ ಬೇಕು; ಕೆಲಸ ಬಿಡುವ ದಿನವೇ ಕಾರ್ಖಾನೆಯಿಂದ ಅವನ್ನು ಕೇಳಿ ಪಡೆದುಕೊಳ್ಳುವುದು ಸುಲಭ.