ಕೊಮೊಡೊ ಉಡ ಮತ್ತು ಉದ್ದ ಕೊಕ್ಕಿನ ರಣಹದ್ದು: ಯಾವುದಕ್ಕೆ ಹೆಚ್ಚು ಅಪಾಯ?

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇಂಡೊನೇಷ್ಯಾದ ಕೊಮೊಡೊ ಉಡ ‘ಅಳಿವಿನಂಚಿನ’ ಜೀವಿ. ರಾಮನಗರದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದು ಅದಕ್ಕಿಂತ ಗಂಭೀರವಾದ ‘ತೀವ್ರ ಅಳಿವಿನಂಚಿನ’ ವರ್ಗದ್ದು. ಆದರೆ ಸಂಖ್ಯೆಯಲ್ಲಿ ಕಡಿಮೆ ಇರುವುದು ಉಡವೇ ಎಂಬುದು ಗಮನಾರ್ಹ.

ದ್ವೀಪದ ದೈತ್ಯ

ಕೊಮೊಡೊ ಜಗತ್ತಿನ ಅತಿ ದೊಡ್ಡ ಹಲ್ಲಿ. ಉದ್ದ 3 ಮೀಟರ್‌ವರೆಗೆ, ತೂಕ ಸುಮಾರು 70 ಕಿಲೋ. ಕಡಬ, ಗುಬ್ಬಿ, ಕುಣಿಗಲ್ ಕಡೆಯ ಬಯಲುಗಳಲ್ಲಿ ಕಾಣುವ ನಮ್ಮ ಉಡವೂ ಇದೇ ಕುಲಕ್ಕೆ ಸೇರಿದ್ದು. ಕೊಮೊಡೊದ ನೆಲೆ ಕೆಲವೇ ದ್ವೀಪಗಳಿಗೆ ಸೀಮಿತ. ಪ್ರಬುದ್ಧ ಪ್ರಾಣಿಗಳು ಸುಮಾರು 1,400 ಮಾತ್ರ. ತಾಪಮಾನ ಮತ್ತು ಕಡಲ ಮಟ್ಟದ ಏರಿಕೆಯಿಂದ ಮುಂದಿನ ದಶಕಗಳಲ್ಲಿ ನೆಲೆ ಕುಗ್ಗುವ ಅಂದಾಜಿನ ಮೇಲೆ 2021ರಲ್ಲಿ ಅದನ್ನು ಈ ವರ್ಗಕ್ಕೆ ಸೇರಿಸಲಾಯಿತು.

ಕುಸಿದ ರಣಹದ್ದು

ಭಾರತದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳ ಸಂಖ್ಯೆ 2015ರ ಸಮೀಕ್ಷೆಯಂತೆ ಸುಮಾರು 12,000. ಆದರೂ ಅಪಾಯ ಹೆಚ್ಚು. ಕಾರಣ, ಕೆಂಪು ಪಟ್ಟಿ ಉಳಿದವುಗಳ ಎಣಿಕೆಯನ್ನಷ್ಟೇ ಅಲ್ಲ, ಕುಸಿತದ ವೇಗವನ್ನೂ ಅಳೆಯುತ್ತದೆ. 1990ರ ದಶಕದಿಂದ ಒಂದೂವರೆ ದಶಕದಲ್ಲಿ ಈ ಹಕ್ಕಿಗಳಲ್ಲಿ ಶೇ 95ಕ್ಕೂ ಹೆಚ್ಚು ನಾಶವಾದವು.

ದನಗಳ ನೋವು, ಊತಕ್ಕೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಇದಕ್ಕೆ ಕಾರಣವೆಂದು 2004ರಲ್ಲಿ ಖಚಿತವಾಯಿತು. ಔಷಧ ಪಡೆದ ಸ್ವಲ್ಪ ದಿನಗಳಲ್ಲೇ ಸತ್ತ ದನವನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ವಿಷವಿದ್ದರೂ ಇಂಥ ಕುಸಿತಕ್ಕೆ ಸಾಕು. ಉಡ ಒಮ್ಮೆಗೆ ಸುಮಾರು 20 ಮೊಟ್ಟೆ ಇಟ್ಟರೆ, ರಣಹದ್ದಿನದು ವರ್ಷಕ್ಕೆ ಒಂದೇ. ನಷ್ಟ ತುಂಬಲು ದಶಕಗಳೇ ಬೇಕು.

ಕಾನೂನು ಮತ್ತು ರೈತ

2006ರಲ್ಲಿ ಜಾನುವಾರುಗಳಿಗೆ ಡೈಕ್ಲೊಫಿನಾಕ್ ನಿಷೇಧಿಸಲಾಯಿತು. ಮನುಷ್ಯರ ಸೀಸೆಗಳು ದನಗಳಿಗೆ ಬಳಕೆಯಾಗುವುದನ್ನು ತಡೆಯಲು 2015ರಲ್ಲಿ ಚುಚ್ಚುಮದ್ದಿನ ಸೀಸೆಯ ಗಾತ್ರವನ್ನು 3 ಮಿಲಿಲೀಟರ್‌ಗೆ ಇಳಿಸಲಾಯಿತು. 2023ರಲ್ಲಿ ಅಸೆಕ್ಲೊಫಿನಾಕ್, ಕೀಟೊಪ್ರೊಫೆನ್‌ಗಳಿಗೂ ಇಂಥದೇ ನಿಷೇಧ ಬಂತು. ರಾಮದೇವರಬೆಟ್ಟ 2012ರಲ್ಲೇ ರಣಹದ್ದು ವನ್ಯಧಾಮವಾಗಿ ಘೋಷಿತವಾಗಿದ್ದರೂ ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಹಕ್ಕಿಗಳು.

ಮೇವಿಗಾಗಿ ಹತ್ತಾರು ಮೈಲಿ ಹಾರುವ ಹಕ್ಕಿಗೆ ವನ್ಯಧಾಮದ ಗಡಿ ತಿಳಿಯದು. ಸುತ್ತಲ ತಾಲ್ಲೂಕುಗಳ ಕೊಟ್ಟಿಗೆಗಳಲ್ಲಿ ಯಾವ ಔಷಧ ಬಳಕೆಯಾಗುತ್ತದೆ ಎಂಬುದೇ ನಿರ್ಣಾಯಕ. ಹದ್ದಿಗೆ ಹಾನಿಯಿಲ್ಲದ ಮೆಲೊಕ್ಸಿಕಾಮ್ ಲಭ್ಯವಿದೆ; ಪಶುವೈದ್ಯರಲ್ಲಿ ಅದನ್ನೇ ಕೇಳಿ ಪಡೆಯುವುದು ರೈತರ ಕೈಯಲ್ಲಿದೆ. ಕಡಲೇರಿಕೆಯನ್ನು ಒಂದು ತಾಲ್ಲೂಕು ತಡೆಯಲಾಗದು. ಆದರೆ ಈ ವಿಷವನ್ನು ತಡೆಯಬಲ್ಲದು.