ಲೆಕ್ಕ ಬರೆದಿಡದ ಅಜ್ಜಿ

ಪಾವಗಡ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗೋದು ಸೋಲಾರ್ ಪಾರ್ಕ್. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, ಚೆಂದದ ಡ್ರೋನ್ ಫೋಟೋಗಳು. ಅದಕ್ಕೂ ಹಿಂದಿನವರಿಗೆ ಪಾವಗಡ ಅಂದ್ರೆ ಬರ, ಫ್ಲೋರೈಡ್ ನೀರು, ಸುತ್ತ ಹೆಚ್ಚುಕಮ್ಮಿ ಆಂಧ್ರವೇ ಇರುವ ತುಮಕೂರು ಜಿಲ್ಲೆಯ ಒಂದು ಮೂಲೆ. ನನಗೆ ಮಾತ್ರ ಆ ತಾಲ್ಲೂಕು ಅಂದ್ರೆ ಒಬ್ಬ ಅಜ್ಜಿ. ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ.

ಸೂಲು ಅಂದ್ರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. ನಮ್ಮ ಹೆಸರಿನ ಮುಂದೆ ಇನಿಶಿಯಲ್ ಇರುವ ಹಾಗೆ ಅವರ ಹೆಸರಿನ ಮುಂದೆ ಮಾಡಿದ ಕೆಲಸವೇ ಅಂಟಿಕೊಂಡಿತು.

ನರಸಮ್ಮ ಹುಟ್ಟಿದ್ದು 1920ರಲ್ಲಿ. ಶಾಲೆ ಓದಿದವರಲ್ಲ. 12ನೇ ವಯಸ್ಸಿಗೆ ಮದುವೆ. ಹೆತ್ತದ್ದು 12 ಮಕ್ಕಳನ್ನು. ಅದರಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಸೂಲಗಿತ್ತಿಯಾಗಿದ್ದ ತಮ್ಮ ಅಜ್ಜಿಯಿಂದಲೇ ಈ ವಿದ್ಯೆ ಕಲಿತರು. ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆ ಔಷಧಿ ಮಾಡೋದು ಗೊತ್ತಾಯಿತು. 1940ರಲ್ಲಿ, 20ರ ಹರೆಯದಲ್ಲಿ, ಸಂಬಂಧಿಕರೊಬ್ಬರ ಹೆರಿಗೆಗೆ ಕೈ ಹಚ್ಚಿದರು. ಅಲ್ಲಿಂದ ಶುರುವಾದದ್ದು 70 ವರ್ಷ ದಾಟಿ ನಡೆಯಿತು. ಬಸುರಿಯ ಹೊಟ್ಟೆ ಮುಟ್ಟಿ ನೋಡಿದರೆ ಸಾಕು, ಮಗುವಿನ ತಲೆ ಯಾವ ಕಡೆ ಇದೆ ಅನ್ನೋದು ಅವರಿಗೆ ತಿಳಿಯುತ್ತಿತ್ತಂತೆ. ಇಷ್ಟಕ್ಕೆಲ್ಲ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಅಂತ ಹೇಳುತ್ತಾರೆ. ನಾವು ಎಕ್ಸೆಲ್ ಜನ ಅಲ್ವಾ, ಭಾಗಿಸಿ ನೋಡಿದೆ. 70 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 214; ವಾರಕ್ಕೆ ನಾಲ್ಕು. ಹೆರಿಗೆ ನೋವು ಭಾನುವಾರ, ಹಬ್ಬ, ನಡುರಾತ್ರಿ ನೋಡಿಕೊಂಡು ಬರೋದಿಲ್ಲ. ಮನೆ ತುಂಬ ಮಕ್ಕಳು, ಆಮೇಲೆ ಮೊಮ್ಮಕ್ಕಳು, ಮರಿಮಕ್ಕಳು. ಅಷ್ಟು ದೊಡ್ಡ ಸಂಸಾರದ ಹಿರಿಯಳೊಬ್ಬಳು ಯಾರೋ ಕರೆದರು ಅಂತ ಒಲೆ ಮುಂದಿನಿಂದ ಎದ್ದು ಹೋಗಬೇಕು. ನಾವು ವರ್ಷಕ್ಕೊಂದು ಶನಿವಾರ ಕಂಪನಿಯ ಟೀ ಶರ್ಟ್ ಹಾಕಿಕೊಂಡು ಕೆರೆ ದಂಡೆ ಗುಡಿಸಿ ವಾಲಂಟಿಯರ್ ಅಂತ ಸರ್ಟಿಫಿಕೇಟ್ ತಗೋತೀವಿ. ತಪ್ಪೇನಿಲ್ಲ, ಕೆರೆ ಸ್ವಚ್ಛವಾಗುತ್ತೆ. ಆದರೆ ಎರಡಕ್ಕೂ ಒಂದೇ ಪದ ಬಳಸೋಕೆ ನನಗೆ ಸ್ವಲ್ಪ ಸಂಕೋಚ.

ಇತಿಹಾಸ ಓದುವ ಹುಚ್ಚಿರುವ ನನ್ನನ್ನು ಕಾಡುವುದು ಆ 15,000 ಅನ್ನುವ ದುಂಡು ಸಂಖ್ಯೆ. ಅದು ಯಾಕೆ 15,263 ಅಲ್ಲ? ಯಾಕಂದ್ರೆ ಯಾರೂ ಬರೆದಿಡಲಿಲ್ಲ. ನಮ್ಮದು ದಾಖಲೆ ಇಲ್ಲದ ನಾಡೇನೂ ಅಲ್ಲ. ಹೊಲದ ಒಂದೊಂದು ಗುಂಟೆಗೂ ಪಹಣಿ ಇದೆ. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತ ಗಂಡಸಿಗೆ ಊರ ಮುಂದೆ ವೀರಗಲ್ಲು ನಿಂತಿದೆ. ಸಾಯಲು ಹೋದವನಿಗೆ ಕಲ್ಲು ನೆಟ್ಟವರು, ಹುಟ್ಟುವವರನ್ನು ಕೈಯಲ್ಲಿ ಹಿಡಿದವಳಿಗೆ ಒಂದು ಸಾಲನ್ನೂ ಬರೆಯಲಿಲ್ಲ. ನಿಮ್ಮ ಜನನ ಪ್ರಮಾಣಪತ್ರ ತೆಗೆದು ನೋಡಿ. ಅಪ್ಪ, ಅಮ್ಮ, ಊರು, ತಾರೀಖು ಎಲ್ಲ ಇರುತ್ತೆ. ಹೆರಿಗೆ ಮಾಡಿಸಿದವರ ಹೆಸರಿಗೆ ಜಾಗ ಇಲ್ಲ.

ನರಸಮ್ಮನವರ ಹೆಸರು ಕೊನೆಗೂ ಕಾಗದಕ್ಕೆ ಬಂತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 98 ವರ್ಷ ವಯಸ್ಸಾಗಿತ್ತು. ದೇಶ ಅವರನ್ನು ಗುರುತಿಸುವ ಹೊತ್ತಿಗೆ, ಅವರು ಹಿಡಿದೆತ್ತಿದ ಮೊದಲ ಕೂಸುಗಳೇ ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರಾಗಿರಬೇಕು.

ಇದನ್ನೆಲ್ಲ ಹೇಳಿ, ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹಾಡೋದಿಲ್ಲ. ಆ ಕಾಲದಲ್ಲಿ ಹೆರಿಗೆ ಅಂದ್ರೆ ಸಾವಿನ ಪಕ್ಕದ ಮನೆ. 1997-98ರಲ್ಲೂ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 398 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಆ ಸಂಖ್ಯೆ 97ಕ್ಕೆ ಇಳಿಯಿತು, ಕರ್ನಾಟಕದಲ್ಲಿ 69ಕ್ಕೆ. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಶೇ 97. ಆಂಬುಲೆನ್ಸ್, ರಕ್ತನಿಧಿ, ಸಿಸೇರಿಯನ್, ಆಶಾ ಕಾರ್ಯಕರ್ತೆಯರು ಇವೆಲ್ಲ ಉಳಿಸಿದ ಜೀವಗಳು ಅವು. ಸೂಲಗಿತ್ತಿಯರ ಕಾಲ ಮುಗಿದದ್ದು ಒಳ್ಳೆಯದೇ.

ಆದರೆ ಕಾಲ ಮುಗಿಯೋದು ಬೇರೆ, ಮರೆಯೋದು ಬೇರೆ. ಆಸ್ಪತ್ರೆ ಬರುವ ತನಕ ನಡುವಿನ ಅಷ್ಟೂ ವರ್ಷ ಹಳ್ಳಿಗಳನ್ನು ದಾಟಿಸಿದ್ದು ಯಾರು? ನನ್ನ ಅಮ್ಮ ಹುಟ್ಟಿದ್ದು ಮನೆಯ ನಡುಕೋಣೆಯಲ್ಲಿ. ಹೆರಿಗೆ ಮಾಡಿಸಿದವರು ಯಾರು ಅಂತ ಕೇಳಿದರೆ, "ಕೆಳಗಿನ ಕೇರಿಯ ಅಜ್ಜಿ ಕಣೋ" ಅಂತಾರೆ. ಎಲೆ ಅಡಿಕೆ, ರವಿಕೆ ಕಣ, ಒಂದು ಮೊರ ರಾಗಿ ಕೊಟ್ಟು ಕಳಿಸಿದ್ದರಂತೆ. ಕೊಟ್ಟದ್ದು ಮನೆಯವರಿಗೆ ನೆನಪಿದೆ. ಹೆಸರು ಮಾತ್ರ ಯಾರಿಗೂ ನೆನಪಿಲ್ಲ. ಇಂಥ ಕೈಗಳು ಬಹಳ ಸಲ ಊರು ಮುಟ್ಟಿಸಿಕೊಳ್ಳದ ಕೇರಿಗಳಿಂದಲೇ ಬರುತ್ತಿದ್ದವು. ಹೆರಿಗೆಯ ದಿನ ಬೇಕಾಗಿದ್ದ ಕೈ ಮರುದಿನ ಬೇಡವಾಗುತ್ತಿತ್ತು. ಹೆಸರು ಉಳಿಯದೇ ಹೋದದ್ದಕ್ಕೆ ಅದೂ ಒಂದು ಕಾರಣ.

ನರಸಮ್ಮನವರಂತೆ ಪದ್ಮಶ್ರೀವರೆಗೆ ಬಂದವರು ಬೆರಳೆಣಿಕೆಯಷ್ಟು. ಉಳಿದವರನ್ನು ಇನ್ನು ಹುಡುಕಬೇಕಾದದ್ದು ಕಡತಗಳಲ್ಲಲ್ಲ, ನಮ್ಮ ಮನೆಗಳಲ್ಲೇ. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ನೀವು ಹುಟ್ಟಿದಾಗ ಇದ್ದ ಸೂಲಗಿತ್ತಿ ಯಾರು, ಯಾವ ಕೇರಿ, ಅವರ ಮಕ್ಕಳು ಈಗ ಎಲ್ಲಿದ್ದಾರೆ? ಉತ್ತರ ಸಿಕ್ಕರೆ ಅಲ್ಲೇ ಫೋನಿನಲ್ಲಿ ಬರೆದುಕೊಳ್ಳಿ. ಇದನ್ನು ಹೇಳಬಲ್ಲವರಿಗೆ ಈಗಾಗಲೇ ಎಂಬತ್ತು ದಾಟಿದೆ.