ಅಮೆರಿಕದ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಪ್ರವೇಶ: ಅರ್ಜಿದಾರರಿಗೆ ಮತ್ತು ಪೋಷಕರಿಗೆ ಮಾಹಿತಿ

ಬೆಳ್ತಂಗಡಿ, ಬಂಟ್ವಾಳ ಮತ್ತು ಮೂಡುಬಿದಿರೆ ತಾಲ್ಲೂಕುಗಳ ವಿದ್ಯಾರ್ಥಿಗಳು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ಪ್ರವೇಶ ದೊರೆಯುವುದು, ಹಣ ಹೊಂದಿಸುವುದು ಮತ್ತು ವೀಸಾ ದೊರೆಯುವುದು ಮೂರು ಪ್ರತ್ಯೇಕ ಹಂತಗಳು. ಒಂದು ಹಂತದಲ್ಲಿ ಯಶಸ್ವಿಯಾದವರಿಗೆ ಮುಂದಿನ ಹಂತವೂ ಖಚಿತವೆಂದು ಭಾವಿಸಬಾರದು.

1. ವ್ಯಾಸಂಗದ ಮಟ್ಟ ಮತ್ತು ಪ್ರವೇಶದ ಸಾಧ್ಯತೆ

2023–24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಅವರಲ್ಲಿ 1,96,567 ಮಂದಿ ಸ್ನಾತಕೋತ್ತರ ಮತ್ತು ಸಂಶೋಧನಾ ಮಟ್ಟದಲ್ಲಿದ್ದರೆ, ಪದವಿ ಮಟ್ಟದಲ್ಲಿ ಇದ್ದವರು 36,053 ಮಂದಿ ಮಾತ್ರ. ಈ ವ್ಯತ್ಯಾಸಕ್ಕೆ ಕಾರಣಗಳು ಕೆಳಗಿನಂತಿವೆ.

(ಅ) ಪಿ.ಯು.ಸಿ. ನಂತರದ ಪದವಿ: ಹೆಸರಾಂತ ಸಂಸ್ಥೆಗಳಲ್ಲಿ ಸ್ಪರ್ಧೆ ಅತಿ ತೀವ್ರವಾಗಿರುತ್ತದೆ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನೂರು ವಿದೇಶಿ ಅರ್ಜಿದಾರರ ಪೈಕಿ ಸುಮಾರು ಇಬ್ಬರಿಗಷ್ಟೇ ಪ್ರವೇಶ ಸಿಗುತ್ತದೆ. ಈ ಸಂಸ್ಥೆಯು ಕುಟುಂಬದ ಆರ್ಥಿಕ ಸ್ಥಿತಿಯನ್ನು ಲೆಕ್ಕಿಸದೆ ಆಯ್ಕೆ ಮಾಡಿ, ಅಗತ್ಯಕ್ಕೆ ತಕ್ಕ ನೆರವು ನೀಡುತ್ತದೆ. ಇಂತಹ ಸಂಸ್ಥೆಗಳು ಕೆಲವೇ ಇವೆ. ಇತರ ಅನೇಕ ಸಂಸ್ಥೆಗಳಲ್ಲಿ ನೆರವು ಕೋರುವ ವಿದೇಶಿ ಅರ್ಜಿದಾರರ ಆಯ್ಕೆಯ ಸಾಧ್ಯತೆ ಕಡಿಮೆಯಾಗುತ್ತದೆ.

(ಆ) ಎಂ.ಎಸ್.: ಇಲ್ಲಿ ಆಯ್ಕೆಯನ್ನು ಬಹುಮಟ್ಟಿಗೆ ಆಯಾ ವಿಭಾಗವೇ ಮಾಡುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ಬಿ.ಇ. ಪದವಿಯು ಸಾಮಾನ್ಯವಾಗಿ ಅರ್ಹತೆಗೆ ಸಾಕಾಗುತ್ತದೆ. ಉಜಿರೆ, ಮೂಡುಬಿದಿರೆ ಮುಂತಾದೆಡೆಯ ಸಂಯೋಜಿತ ಕಾಲೇಜುಗಳ ಪದವೀಧರರು ಈ ದಾರಿಯಲ್ಲೇ ಅರ್ಜಿ ಸಲ್ಲಿಸಬಹುದು. ಕಂಪ್ಯೂಟರ್ ಸೈನ್ಸ್‌ಗೆ ಹೋಲಿಸಿದರೆ ಸಿವಿಲ್, ಪರಿಸರ ಮುಂತಾದ ವಿಭಾಗಗಳಲ್ಲಿ ಸ್ಪರ್ಧೆ ಸಾಮಾನ್ಯವಾಗಿ ಕಡಿಮೆ. ಆದರೆ ಎಂ.ಎಸ್. ವ್ಯಾಸಂಗದ ವೆಚ್ಚವನ್ನು ಹೆಚ್ಚಿನವರು ಸ್ವತಃ ಭರಿಸಬೇಕಾಗುತ್ತದೆ.

(ಇ) ಪಿಎಚ್.ಡಿ.: ಇದಕ್ಕೆ ಎಂ.ಟೆಕ್. ಅಥವಾ ಎಂ.ಎಸ್. ಕಡ್ಡಾಯವೆಂಬುದು ತಪ್ಪು ತಿಳಿವಳಿಕೆ. ಅಮೆರಿಕದ ಅನೇಕ ವಿಭಾಗಗಳು ಬಿ.ಇ. ಮುಗಿಸಿದವರಿಂದ ನೇರವಾಗಿ ಅರ್ಜಿ ಸ್ವೀಕರಿಸುತ್ತವೆ. ಸ್ಥಾನಗಳು ಕಡಿಮೆಯಿದ್ದರೂ ಆಯ್ಕೆಯಾದವರಿಗೆ ಬೋಧನಾ ಶುಲ್ಕದ ವಿನಾಯಿತಿ ಮತ್ತು ಮಾಸಿಕ ವೇತನ ದೊರೆಯುವುದು ವಾಡಿಕೆ. ಸಂಶೋಧನೆಯಲ್ಲಿ ನಿಜವಾದ ಆಸಕ್ತಿಯಿದ್ದು ಸಾಲ ಮಾಡುವ ಶಕ್ತಿಯಿಲ್ಲದವರು ಈ ಮಾರ್ಗವನ್ನು ಪರಿಶೀಲಿಸುವುದು ಸೂಕ್ತ.

2. ಅರ್ಜಿಯಲ್ಲಿ ಪರಿಶೀಲಿಸಲಾಗುವ ಅಂಶಗಳು

ಎಲ್ಲ ಸೆಮಿಸ್ಟರ್‌ಗಳ ಅಂಕಗಳು, ಉದ್ದೇಶ ವಿವರಣೆ, ಅಧ್ಯಾಪಕರ ಶಿಫಾರಸು ಪತ್ರಗಳು ಹಾಗೂ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಮುಖ್ಯ. ಜಿ.ಆರ್.ಇ. ಅಂಕವನ್ನು ಈಗ ಅನೇಕ ವಿಭಾಗಗಳು ಕಡ್ಡಾಯಗೊಳಿಸಿಲ್ಲ. ಕೇಳುವ ವಿಭಾಗಗಳೂ ಇವೆ. ಜಿ.ಆರ್.ಇ. ಅಂಕ 5 ವರ್ಷ, ಟೋಫೆಲ್ ಮತ್ತು ಐ.ಇ.ಎಲ್.ಟಿ.ಎಸ್. ಅಂಕ 2 ವರ್ಷ ಮಾನ್ಯವಾಗಿರುತ್ತವೆ.

ಅಂಕಗಳನ್ನು ಅಂಕಪಟ್ಟಿಯಲ್ಲಿ ಮುದ್ರಿತವಾಗಿರುವಂತೆಯೇ ನಮೂದಿಸತಕ್ಕದ್ದು. ವಿಶ್ವವಿದ್ಯಾಲಯವು ಕೇಳದ ಹೊರತು ಹತ್ತರ ಮಾಪನವನ್ನು ಅಮೆರಿಕದ ನಾಲ್ಕರ ಮಾಪನಕ್ಕೆ ಸ್ವಂತ ಲೆಕ್ಕದಿಂದ ಪರಿವರ್ತಿಸಬಾರದು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಓದಿರುವುದು ಅನರ್ಹತೆಯಲ್ಲ, ಇಂಗ್ಲಿಷ್ ಪರೀಕ್ಷೆಯ ಸಿದ್ಧತೆಗೆ ಹೆಚ್ಚು ಕಾಲಾವಕಾಶ ಇಟ್ಟುಕೊಂಡರೆ ಸಾಕು.

3. ಶಿಕ್ಷಣ ಸಾಲ ಮತ್ತು ಜಮೀನಿನ ದಾಖಲೆ

ಪ್ರವೇಶ ದೊರೆತ ಬಳಿಕ ಮೊದಲ ವರ್ಷದ ಶುಲ್ಕ ಮತ್ತು ಜೀವನ ವೆಚ್ಚಕ್ಕೆ ಹಣವಿರುವುದನ್ನು ತೋರಿಸಿದ ಮೇಲೆ ಮಾತ್ರ ವಿಶ್ವವಿದ್ಯಾಲಯವು ಐ-20 ನಮೂನೆಯನ್ನು ನೀಡುತ್ತದೆ. ಅಂಕಗಳಲ್ಲಿ ಮುಂದಿರುವ ಎಷ್ಟೋ ಅಭ್ಯರ್ಥಿಗಳು ಹಿಂದುಳಿಯುವುದು ಈ ಹಂತದಲ್ಲೇ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ 7.5 ಲಕ್ಷ ರೂಪಾಯಿಗಳಿಗಿಂತ ಹೆಚ್ಚಿನ ಸಾಲಕ್ಕೆ ಸ್ಥಿರಾಸ್ತಿ ಮುಂತಾದ ಭದ್ರತೆ ಬೇಕು. ವಿದೇಶಿ ವ್ಯಾಸಂಗಕ್ಕೆ 4 ಲಕ್ಷ ರೂಪಾಯಿಗಳಿಗೆ ಮೀರಿದ ಸಾಲದಲ್ಲಿ ವೆಚ್ಚದ ಶೇ. 15ರಷ್ಟನ್ನು ಕುಟುಂಬವೇ ಭರಿಸಬೇಕು. ನೆರಿಯದಂತಹ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ಕುಟುಂಬದ ಮುಖ್ಯ ಆಸ್ತಿಯೆಂದರೆ ಅಡಿಕೆ ಅಥವಾ ರಬ್ಬರ್ ತೋಟ. ಆದ್ದರಿಂದ ಕೆಳಗಿನ ಅಂಶಗಳನ್ನು ಮೊದಲೇ ಪರಿಶೀಲಿಸಿಕೊಳ್ಳತಕ್ಕದ್ದು:

- ಕುಮ್ಕಿ ಜಮೀನಿನ ಒಡೆತನ ಸರ್ಕಾರದ್ದು. ಅನುಭವದಲ್ಲಿದ್ದರೂ, ಅದರಲ್ಲಿ ತೋಟವಿದ್ದರೂ ಅದನ್ನು ಅಡಮಾನಕ್ಕೆ ತೋರಿಸಲಾಗದು.
- ಅಕ್ರಮ-ಸಕ್ರಮದಡಿ ಮಂಜೂರಾದ ಜಮೀನಿಗೆ ಪರಭಾರೆ ನಿರ್ಬಂಧದ ಅವಧಿ ಇರುತ್ತದೆ. ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿಕೊಳ್ಳಬೇಕು.
- ಆರ್.ಟಿ.ಸಿ.ಯಲ್ಲಿ ಜಂಟಿ ಹೆಸರುಗಳಿದ್ದಲ್ಲಿ ಎಲ್ಲ ಹಕ್ಕುದಾರರ ಒಪ್ಪಿಗೆ ಬೇಕು. ಮೃತರ ಹೆಸರು ಉಳಿದಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು.
- ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಭದ್ರತೆಯಾಗಿ ಒಪ್ಪದ ಬ್ಯಾಂಕುಗಳಿವೆ. ಶಾಖೆಯಲ್ಲಿ ಮುಂಚಿತವಾಗಿ ವಿಚಾರಿಸಬೇಕು.

ಸಾಲದ ಅರ್ಜಿಯನ್ನು ವಿದ್ಯಾಲಕ್ಷ್ಮಿ ಜಾಲತಾಣದ ಮೂಲಕ ಒಂದಕ್ಕಿಂತ ಹೆಚ್ಚು ಬ್ಯಾಂಕುಗಳಿಗೆ ಸಲ್ಲಿಸಬಹುದು.

4. ಸರ್ಕಾರದ ನೆರವು

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದ ಅಭ್ಯರ್ಥಿಗಳಿಗೆ ಸ್ನಾತಕೋತ್ತರ ಪದವಿ ಹಾಗೂ ಪಿಎಚ್.ಡಿ.ಗೆ ಲಭ್ಯವಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು. ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ. 60 ಅಂಕವಿರಬೇಕು.

ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯವು ಇಂತಹುದೇ ಯೋಜನೆ ನಡೆಸುತ್ತಿದ್ದು, ದೇಶಕ್ಕೆ ವರ್ಷಕ್ಕೆ 20 ಸ್ಥಾನಗಳಿವೆ. ಇವುಗಳಲ್ಲಿ 3 ಸ್ಥಾನಗಳು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳಿಗೆ ಮೀಸಲು. ಕೊರಗ ಸಮುದಾಯವು ಈ ವರ್ಗಕ್ಕೆ ಸೇರುತ್ತದೆ. ಮಲೆಕುಡಿಯ ಅಭ್ಯರ್ಥಿಗಳು ಉಳಿದ ಸ್ಥಾನಗಳಿಗೆ ಅರ್ಜಿ ಸಲ್ಲಿಸಬಹುದು. ಅಲ್ಪಸಂಖ್ಯಾತ ಸಮುದಾಯಗಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ವಿದೇಶಿ ವ್ಯಾಸಂಗ ಸಾಲ ಯೋಜನೆ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿರಬೇಕು.

5. ವೀಸಾ

ಐ-20 ದೊರೆತ ನಂತರ ಎಫ್-1 ವೀಸಾಕ್ಕೆ ಅರ್ಜಿ ಸಲ್ಲಿಸಬೇಕು. ಅಮೆರಿಕದ 2024ನೇ ಹಣಕಾಸು ವರ್ಷದಲ್ಲಿ ಜಗತ್ತಿನಾದ್ಯಂತ ಬಂದ ಎಫ್-1 ಅರ್ಜಿಗಳಲ್ಲಿ ಹತ್ತಕ್ಕೆ ನಾಲ್ಕರಷ್ಟು ತಿರಸ್ಕೃತವಾದವು. ವ್ಯಾಸಂಗದ ಉದ್ದೇಶ, ಹಣದ ಮೂಲ ಮತ್ತು ಸ್ವದೇಶಕ್ಕೆ ಮರಳುವ ಇರಾದೆಯನ್ನು ಸಂದರ್ಶನದಲ್ಲಿ ಪರಿಶೀಲಿಸಲಾಗುತ್ತದೆ. 2025ರ ಜೂನ್‌ನಿಂದ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು ಪರಿಶೀಲನೆಗೆ ಮುಕ್ತವಾಗಿಡುವಂತೆ ಅರ್ಜಿದಾರರಿಗೆ ಸೂಚಿಸಲಾಗಿದೆ. ಪದವಿಯ ನಂತರ ಅಲ್ಲಿ ಉದ್ಯೋಗ ದೊರೆಯುವುದೆಂಬ ಒಂದೇ ನಂಬಿಕೆಯ ಮೇಲೆ ಸಾಲದ ಮೊತ್ತವನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತವಲ್ಲ.

6. ಕಾಲಕ್ರಮ

ಆಗಸ್ಟ್‌ನಲ್ಲಿ ಆರಂಭವಾಗುವ ವ್ಯಾಸಂಗಕ್ಕೆ ಒಂದೂವರೆ ವರ್ಷ ಮೊದಲೇ ಸಿದ್ಧತೆ ಆರಂಭಿಸಬೇಕು.

- ಮೊದಲ ಆರು ತಿಂಗಳು: ಪಾಸ್‌ಪೋರ್ಟ್, ಇಂಗ್ಲಿಷ್ ಪರೀಕ್ಷೆ, ಆರ್.ಟಿ.ಸಿ. ಮತ್ತು ಖಾತೆ ಸರಿಪಡಿಸುವಿಕೆ
- ಸೆಪ್ಟೆಂಬರ್‌ನಿಂದ ಜನವರಿ: ವಿಶ್ವವಿದ್ಯಾಲಯಗಳಿಗೆ ಅರ್ಜಿ, ಪಿಎಚ್.ಡಿ. ಅರ್ಜಿಗಳಿಗೆ ಹೆಚ್ಚಾಗಿ ಡಿಸೆಂಬರ್ ಕೊನೆಯ ಗಡುವು
- ಫೆಬ್ರವರಿಯಿಂದ ಏಪ್ರಿಲ್: ಫಲಿತಾಂಶ, ನೆರವು ಸಹಿತ ಆಹ್ವಾನಗಳಿಗೆ ಬಹುತೇಕ ಏಪ್ರಿಲ್ 15ರೊಳಗೆ ಉತ್ತರ
- ಏಪ್ರಿಲ್‌ನಿಂದ ಜುಲೈ: ಸಾಲ ಮಂಜೂರಾತಿ, ಐ-20, ವೀಸಾ ಸಂದರ್ಶನ

7. ಎಚ್ಚರಿಕೆ

ಪ್ರವೇಶವನ್ನಾಗಲಿ ವೀಸಾವನ್ನಾಗಲಿ ಖಚಿತವಾಗಿ ಕೊಡಿಸುವ ಅಧಿಕಾರ ಯಾವುದೇ ಮಧ್ಯವರ್ತಿಗೆ ಇಲ್ಲ. ಅವರು ಸಿದ್ಧಪಡಿಸುವ ಸುಳ್ಳು ಬ್ಯಾಂಕ್ ಪತ್ರ ಅಥವಾ ಅನುಭವ ಪತ್ರದ ಹೊಣೆ ಅರ್ಜಿದಾರರ ಮೇಲೆಯೇ ಬೀಳುತ್ತದೆ. ಅಂತಹವರಿಗೆ ಅಮೆರಿಕ ಪ್ರವೇಶ ಶಾಶ್ವತವಾಗಿ ನಿಷೇಧಿತವಾಗಬಹುದು. ಪ್ರವೇಶ ಪತ್ರ ಕೈಸೇರುವ ಮುನ್ನ ತೋಟ ಮಾರುವುದನ್ನಾಗಲಿ ಖಾಸಗಿ ಬಡ್ಡಿಗೆ ಸಾಲ ಪಡೆಯುವುದನ್ನಾಗಲಿ ಮಾಡಬಾರದು. ಶುಲ್ಕ, ಗಡುವು ಮತ್ತು ವೀಸಾ ನಿಯಮಗಳು ಬದಲಾಗುವ ಕಾರಣ, ಅರ್ಜಿ ಸಲ್ಲಿಸುವ ದಿನದಂದು ಆಯಾ ವಿಶ್ವವಿದ್ಯಾಲಯ ಮತ್ತು ಅಮೆರಿಕ ದೂತಾವಾಸದ ಅಧಿಕೃತ ಜಾಲತಾಣಗಳಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.